ಮೂರನೇ ರಿಚರ್ಡ್‌ನ ಬೆನ್ನುಮೂಳೆ

ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾಗ ಅಕ್ಕನ ಮದುವೆಗೆ ಅಂತ ಕೋಟು ಹೊಲಿಸೋಕೆ ಹೋಗಿದ್ದೆ. ಅಳತೆ ತಗೊಳ್ತಿದ್ದ ಟೈಲರ್ ಎರಡೆರಡು ಸಲ ಟೇಪು ಹಿಡಿದು, "ಏನಪ್ಪಾ, ಬಲಗಡೆ ಭುಜ ಸ್ವಲ್ಪ ಮೇಲಿದೆಯಲ್ಲ?" ಅಂದರು. ನನ್ನ ಮುಖ ಸಪ್ಪಗಾಗಿದ್ದು ನೋಡಿ ಅವರೇ, "ತಲೆ ಕೆಡಿಸ್ಕೋಬೇಡ, ಎಡಗಡೆ ಪ್ಯಾಡ್ ದಪ್ಪ ಇಡ್ತೀನಿ, ಯಾರಿಗೂ ಗೊತ್ತಾಗಲ್ಲ" ಅಂತ ಸಮಾಧಾನ ಮಾಡಿದರು. ಆಮೇಲೆ ಎಕ್ಸ್-ರೇ ತೆಗೆಸಿದ್ದಾಯ್ತು. ಬೆನ್ನುಮೂಳೆ ಪಕ್ಕಕ್ಕೆ 18 ಡಿಗ್ರಿ ಬಾಗಿತ್ತು. ಗಾಬರಿಪಡೋ ಅಂಥದ್ದೇನಿಲ್ಲ ಅಂದರು ಡಾಕ್ಟರು. ಆದರೂ ಹಾಸ್ಟೆಲ್‌ನಲ್ಲಿದ್ದಷ್ಟು ದಿನ ನಾನು ಯಾರೆದುರೂ ಅಂಗಿ ಬಿಚ್ಚಲಿಲ್ಲ. 'ಗೂನ' ಅನ್ನೋ ಹೆಸರು ಬಿದ್ದರೆ ಹೋಗುತ್ತಾ?

ಆ ಹೆಸರು ಐನೂರು ವರ್ಷ ಆದರೂ ಹೋಗದೇ ಇದ್ದ ಒಬ್ಬ ಮನುಷ್ಯನ ಕಥೆ ಇದು. ಇಂಗ್ಲೆಂಡಿನ ದೊರೆ ಮೂರನೇ ರಿಚರ್ಡ್.

1483ರಲ್ಲಿ ಪಟ್ಟಕ್ಕೆ ಬಂದ ರಿಚರ್ಡ್ ಆಳಿದ್ದು ಎರಡೇ ಎರಡು ವರ್ಷ ಚಿಲ್ಲರೆ. 1485ರ ಆಗಸ್ಟ್ 22ರಂದು ಬಾಸ್‌ವರ್ತ್ ಯುದ್ಧದಲ್ಲಿ ಸತ್ತಾಗ ಅವನಿಗೆ 32 ವರ್ಷ. ಗೆದ್ದವನು ಹೆನ್ರಿ ಟ್ಯೂಡರ್. ಅಲ್ಲಿಂದ ಮುಂದೆ ಕಥೆ ಬರೆದವರೆಲ್ಲ ಟ್ಯೂಡರ್ ರಾಜರ ಕಾಲದವರು.

ಜಾನ್ ರೌಸ್ ಅಂತ ಒಬ್ಬ ಇದ್ದ. ರಿಚರ್ಡ್ ಬದುಕಿದ್ದಾಗ ಒಳ್ಳೆಯ ದೊರೆ ಅಂತ ಹೊಗಳಿ ಬರೆದವನು, ಅವನು ಸತ್ತ ಮೇಲೆ ಪೂರ್ತಿ ಉಲ್ಟಾ ಹೊಡೆದ. ತಾಯಿಯ ಹೊಟ್ಟೆಯಲ್ಲಿ ಎರಡು ವರ್ಷ ಇದ್ದನಂತೆ, ಹುಟ್ಟುವಾಗಲೇ ಹಲ್ಲು, ಭುಜದವರೆಗೆ ಕೂದಲು ಇತ್ತಂತೆ! ಬಲಭುಜ ಎತ್ತರ ಅಂತಲೂ ಬರೆದ. ಆಮೇಲೆ ಬಂದ ಥಾಮಸ್ ಮೋರ್ ಪ್ರಕಾರ ಎತ್ತರ ಇದ್ದದ್ದು ಎಡಭುಜ. 1590ರ ದಶಕದಲ್ಲಿ ಷೇಕ್ಸ್‌ಪಿಯರ್ ನಾಟಕ ಬರೆಯೋ ಹೊತ್ತಿಗೆ ರಿಚರ್ಡ್ ಬೆನ್ನ ಮೇಲೆ ಗೂನು, ಕುಂಟು ಕಾಲು, ಒಣಗಿದ ಕೈ ಎಲ್ಲಾ ಸೇರಿ ಹೋಗಿತ್ತು. ದೇಹ ಸೊಟ್ಟ, ಆದ್ದರಿಂದ ಮನಸ್ಸೂ ಸೊಟ್ಟ. ಲೆಕ್ಕ ಮುಗೀತು.

ಮಜಾ ಏನಂದ್ರೆ, 1484ರಲ್ಲಿ ರಿಚರ್ಡ್‌ನನ್ನು ಕಣ್ಣಾರೆ ಕಂಡು ಅವನ ಜೊತೆ ಊಟ ಮಾಡಿದ ನಿಕೊಲಾಸ್ ಫಾನ್ ಪೊಪ್ಪೆಲಾವ್ ಅನ್ನೋ ಪರದೇಶಿ ಯೋಧ ಬರೆದದ್ದರಲ್ಲಿ ಗೂನಿನ ಸುದ್ದಿಯೇ ಇಲ್ಲ. ತೆಳ್ಳಗಿದ್ದ, ಕೈಕಾಲು ಸಣ್ಣ, ದೊಡ್ಡ ಮನಸ್ಸಿನವನು, ಅಷ್ಟೇ. ಇನ್ನು ಬ್ರಿಟನ್ ರಾಜಮನೆತನದ ಸಂಗ್ರಹದಲ್ಲಿ ರಿಚರ್ಡ್‌ನ ಒಂದು ಚಿತ್ರ ಇದೆ, 16ನೇ ಶತಮಾನದ ಶುರುವಿನಲ್ಲಿ ಬರೆದದ್ದು. ಅದರ ಎಕ್ಸ್-ರೇ ತೆಗೆದಾಗ, ಮೊದಲು ಸಾಧಾರಣವಾಗಿದ್ದ ಭುಜದ ಗೆರೆಯ ಮೇಲೆ ಆಮೇಲೆ ಬಣ್ಣ ಬಳಿದು ಎತ್ತರಿಸಿದ್ದು ಗೊತ್ತಾಯ್ತು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಹಳೇ ವರ್ಷನ್ ಕೆಳಗೇ ಉಳಿದುಕೊಂಡಿತ್ತು :)

ಇದನ್ನೆಲ್ಲ ಇಟ್ಟುಕೊಂಡು ರಿಚರ್ಡ್‌ನ ಅಭಿಮಾನಿಗಳು (ಅವರದ್ದೇ ಒಂದು ಸೊಸೈಟಿ ಇದೆ, 1924ರಿಂದ) ವಾದ ಮಾಡ್ತಾ ಬಂದರು. ಗೂನು ಶತ್ರುಗಳು ಕಟ್ಟಿದ ಸುಳ್ಳು, ನಮ್ಮ ದೊರೆಯ ಬೆನ್ನು ನೆಟ್ಟಗಿತ್ತು ಅಂತ ಅವರಲ್ಲಿ ಎಷ್ಟೋ ಜನರ ನಂಬಿಕೆ.

2012ರ ಆಗಸ್ಟ್‌ನಲ್ಲಿ ಲೆಸ್ಟರ್ ಊರಿನ ಒಂದು ಕಾರ್ ಪಾರ್ಕಿಂಗ್ ಜಾಗ ಅಗೆದರು. ಅಲ್ಲಿ ಮೊದಲು ಕ್ರೈಸ್ತ ಸನ್ಯಾಸಿಗಳ ಮಠ ಇತ್ತು, ರಿಚರ್ಡ್‌ನನ್ನು ಹೂತಿದ್ದೂ ಅಲ್ಲೇ. ಅಸ್ಥಿಪಂಜರ ಸಿಕ್ಕಿತು. ಮಣ್ಣು ಸರಿಸಿದ ಹಾಗೆ ಬೆನ್ನುಮೂಳೆ ಹಾವಿನ ಥರ ಬಾಗಿದ್ದು ಕಾಣಿಸಿತು. ರಿಚರ್ಡ್‌ನ ಅಕ್ಕನ ವಂಶದವರ ಡಿಎನ್ಎ ಜೊತೆ ಹೋಲಿಸಿ, ಇವನೇ ಅವನು ಅಂತ 2013ರ ಫೆಬ್ರವರಿ 4ರಂದು ಲೆಸ್ಟರ್ ವಿಶ್ವವಿದ್ಯಾಲಯ ಘೋಷಿಸಿತು.

ಹಾಗಾದರೆ ಷೇಕ್ಸ್‌ಪಿಯರ್ ಹೇಳಿದ್ದೇ ಸರಿಯಾ? ಅಲ್ಲ. ಬೆನ್ನು ಮುಂದಕ್ಕೆ ಬಗ್ಗಿ ಹಿಂದೆ ಉಬ್ಬಿಕೊಳ್ಳೋದು ಕೈಫೋಸಿಸ್, ಅದೇ ಗೂನು. ರಿಚರ್ಡ್‌ಗೆ ಇದ್ದದ್ದು ಸ್ಕೋಲಿಯೋಸಿಸ್, ಅಂದರೆ ಬೆನ್ನುಮೂಳೆ ಪಕ್ಕಕ್ಕೆ ಬಾಗೋದು, ಜೊತೆಗೆ ತಿರುಚಿಕೊಳ್ಳೋದು. ಹುಟ್ಟಿನಿಂದ ಬಂದದ್ದಲ್ಲ, ಬೆಳೆಯೋ ವಯಸ್ಸಿನಲ್ಲಿ ಶುರುವಾದದ್ದು. ಬಾಗು 60 ಡಿಗ್ರಿಗಿಂತ ಹೆಚ್ಚು (ನನ್ನ 18 ಯಾವ ಲೆಕ್ಕ!). ಬಲಭುಜ ಎತ್ತರ ಇದ್ದಿರಬೇಕು, ಅಷ್ಟರ ಮಟ್ಟಿಗೆ ರೌಸ್ ಸರಿ. ಕುಂಟು ಕಾಲಿಗಾಗಲಿ, ಒಣಗಿದ ಕೈಗಾಗಲಿ ಮೂಳೆಯಲ್ಲಿ ಗುರುತಿಲ್ಲ. 2014ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಲೇಖನದಲ್ಲಿ ಒಂದು ಮಾತಿದೆ. ಒಳ್ಳೆ ದರ್ಜಿಯೂ ಅಳತೆಗೆ ತಕ್ಕ ಕವಚವೂ ಇದ್ದರೆ ಈ ಬಾಗು ಅಷ್ಟಾಗಿ ಕಾಣದ ಹಾಗೆ ಮಾಡಬಹುದಿತ್ತು ಅಂತ.

ಇದನ್ನು ಓದಿದಾಗ ನನಗೆ ನಮ್ಮೂರಿನ ಟೈಲರ್ ನೆನಪಾದರು. ದೊರೆಗೂ ಒಬ್ಬ ದರ್ಜಿ "ಯಾರಿಗೂ ಗೊತ್ತಾಗಲ್ಲ" ಅಂದಿರಬೇಕು.

ಆದರೆ ನನ್ನನ್ನು ಕಾಡೋದು ಬೇರೆ ವಿಷಯ. ವೈರಿಗಳು ಕೆಟ್ಟವನು ಅನ್ನೋಕೆ ಬೆನ್ನು ಬಗ್ಗಿಸಿದರು, ಅಭಿಮಾನಿಗಳು ಒಳ್ಳೆಯವನು ಅನ್ನೋಕೆ ಬೆನ್ನು ನೆಟ್ಟಗೆ ಮಾಡಿದರು. ಇಬ್ಬರೂ ಒಪ್ಪಿಕೊಂಡಿದ್ದು ಒಂದೇ ಸೂತ್ರ! 1483ರಲ್ಲಿ ಲಂಡನ್ ಟವರ್‌ನಲ್ಲಿದ್ದ ಅವನ ಅಣ್ಣನ ಇಬ್ಬರು ಮಕ್ಕಳು ಕಾಣೆಯಾದರು. ಕೊಲ್ಲಿಸಿದ್ದು ಅವನೇನಾ? ಕೇಳಲೇಬೇಕಾದ ಪ್ರಶ್ನೆ. ಅದಕ್ಕೆ ಬೆನ್ನುಮೂಳೆಯಲ್ಲಿ ಉತ್ತರ ಇಲ್ಲ. ಬಾಗಿದ ಬೆನ್ನಿನಲ್ಲೇ ಕುದುರೆ ಹತ್ತಿ ವೈರಿಯ ಕಡೆ ನುಗ್ಗಿದ ಅವನ ಧೈರ್ಯವನ್ನೂ ಆ ಮೂಳೆ ಅಳೆಯೋಲ್ಲ.

ಈ ಸೂತ್ರ ಇಂಗ್ಲೆಂಡಿನವರದ್ದೊಂದೇ ಅಲ್ಲ ಬಿಡಿ. ಅಜ್ಜಿ ಹೇಳ್ತಿದ್ದ ರಾಮಾಯಣದಲ್ಲಿ ಮಂಥರೆಯ ಹೆಸರಿಗಿಂತ ಮೊದಲು ಅವಳ ಗೂನು ಬರ್ತಿತ್ತು. ಆ ಗೂನಿನೊಳಗೆ ಮಮತೆಯನ್ನೂ ಕಾಣೋಕೆ ನಮಗೆ ಕುವೆಂಪು ಬೇಕಾದರು.

2015ರ ಮಾರ್ಚ್ 26ರಂದು ರಿಚರ್ಡ್‌ನನ್ನು ಲೆಸ್ಟರ್ ಕೆಥೆಡ್ರಲ್‌ನಲ್ಲಿ ಮರ್ಯಾದೆಯಿಂದ ಮತ್ತೆ ಮಣ್ಣು ಮಾಡಿದರು. ಮೂಳೆಗಳನ್ನು ಹೇಗಿದ್ದವೋ ಹಾಗೇ ಇಟ್ಟರು.

ಹೋದ ತಿಂಗಳು ಹೊಸ ಕೋಟು ಹೊಲಿಸಿದೆ. ಪ್ಯಾಡ್ ಬೇಡ ಅಂದೆ. ಟೈಲರ್ "ಒಂದು ಕಡೆ ಇಳಿದ ಹಾಗೆ ಕಾಣುತ್ತೆ ಸಾರ್" ಅಂದ. ಕಾಣಲಿ ಬಿಡಿ ಅಂದೆ.