ಈಲಿಯ ಕ್ಯಾಥೆಡ್ರಲ್: ಕಟ್ಟಡದ ಕಥೆ, ಪದಗಳ ಕಥೆ

ಪೂರ್ವ ಇಂಗ್ಲೆಂಡಿನಲ್ಲಿ, ಕೇಂಬ್ರಿಜ್‌ಗೆ ಉತ್ತರದಲ್ಲಿ, ಈಲಿ ಎಂಬ ಚಿಕ್ಕ ನಗರವಿದೆ. ಸುತ್ತಣ ನೆಲವೆಲ್ಲ ಹಿಂದೆ ಜೌಗು. ಅದರ ನಡುವಿನ ದಿಬ್ಬವೇ ಈ ಊರು. 'ಈಲ್' ಎಂದರೆ ಹಾವುಮೀನು. ಜೌಗಿನಲ್ಲಿ ಹೇರಳವಾಗಿದ್ದ ಆ ಮೀನಿನಿಂದಲೇ ಊರಿಗೆ ಹೆಸರು ಬಂದಿತೆಂದು 8ನೆಯ ಶತಮಾನದ ಇತಿಹಾಸಕಾರ ಬೀಡ್ ಬರೆದಿದ್ದಾನೆ. ರಾಣಿ ಎಥೆಲ್‌ಡ್ರೆಡಾ 673ರಲ್ಲಿ ಇಲ್ಲಿ ಮಠವನ್ನು ಸ್ಥಾಪಿಸಿದಳು. ಡೇನರ ದಾಳಿಯಿಂದ ಹಾಳಾದ ಅದು 970ರಲ್ಲಿ ಬೆನೆಡಿಕ್ಟನ್ ಸನ್ಯಾಸಿಗಳ ಮಠವಾಗಿ ಮರುಹುಟ್ಟು ಪಡೆಯಿತು.

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದಾಗ, ಹೆರೆವರ್ಡ್ ಎಂಬ ವೀರನು ಈಲಿಯ ಜೌಗನ್ನೇ ಕೋಟೆಯಾಗಿಸಿಕೊಂಡು ಅವರನ್ನು ಎದುರಿಸಿದ. 1071ರಲ್ಲಿ ಈಲಿಯೂ ಶರಣಾಯಿತು. 1083ರಲ್ಲಿ ಮಠಾಧಿಪತಿ ಸಿಮಿಯೋನ್ ಈಗಿನ ಕಟ್ಟಡವನ್ನು ಆರಂಭಿಸಿದ. 1109ರಲ್ಲಿ ಬಿಷಪ್ಪರ ಪೀಠ ಇಲ್ಲಿಗೆ ಬಂದಿತು. ಮಠದ ಇಗರ್ಜಿಯು ಕ್ಯಾಥೆಡ್ರಲ್ ಆಯಿತು. ಈ ಪದದ ಗ್ರೀಕ್ ಮೂಲಕ್ಕೆ ಆಸನವೆಂದೇ ಅರ್ಥ. ಎಷ್ಟೇ ದೊಡ್ಡ ಇಗರ್ಜಿಯಾದರೂ ಬಿಷಪ್ಪರ ಆಸನವಿಲ್ಲದಿದ್ದರೆ ಅದು ಕ್ಯಾಥೆಡ್ರಲ್ ಎನಿಸದು.

ಕಟ್ಟಡದ ತಳವಿನ್ಯಾಸ ಶಿಲುಬೆಯಾಕಾರದ್ದು. ಪಶ್ಚಿಮದ ಬಾಗಿಲಿನಿಂದ ಒಳಹೊಕ್ಕಾಗ ಎದುರಾಗುವ ನೀಳವಾದ ಸಭಾಂಗಣವೇ 'ನೇವ್'. ಹಡಗು ಎಂಬರ್ಥದ ಲ್ಯಾಟಿನ್ 'ನಾವಿಸ್' ಇದರ ಮೂಲ. ಸಂಸ್ಕೃತದಿಂದ ಬಂದ ನಮ್ಮ 'ನಾವೆ'ಯೂ ಅದೇ ಕುಲದ ಪದ. ಬಯಲಿನಲ್ಲಿ ಬಹುದೂರದಿಂದ ಕಾಣುವ ಈ ಕಟ್ಟಡಕ್ಕೆ 'ಜೌಗುನಾಡಿನ ಹಡಗು' ಎಂಬ ಅಡ್ಡಹೆಸರೂ ಇದೆ. ಎಡಬಲದ ತೋಳುಗಳು 'ಟ್ರಾನ್ಸೆಪ್ಟ್'. ತೋಳುಗಳೂ ನೇವೂ ಕೂಡುವ ಸ್ಥಳ 'ಕ್ರಾಸಿಂಗ್'. ಅದರಾಚೆ, ಸನ್ಯಾಸಿಗಳು ಸ್ತೋತ್ರಗಳನ್ನು ಹಾಡುತ್ತಿದ್ದ 'ಕ್ವಾಯರ್'. ನೇವಿನ ಗೋಡೆಗೆ ಮೂರು ಅಂತಸ್ತು: ಕೆಳಗೆ ಕಮಾನುಸಾಲು, ನಡುವೆ ಗ್ಯಾಲರಿ, ಮೇಲೆ ಬೆಳಕು ತರುವ ಕಿಟಕಿಗಳ 'ಕ್ಲಿಯರ್‌ಸ್ಟೋರಿ'. ಇಲ್ಲಿನ ದುಂಡು ಕಮಾನುಗಳು ನಾರ್ಮನ್ ಶೈಲಿಯವು. 13ನೆಯ ಶತಮಾನದಲ್ಲಿ ಪೂರ್ವಕ್ಕೆ ಸೇರಿಸಿದ ಭಾಗದ ಮೊನಚು ಕಮಾನುಗಳು ಗಾಥಿಕ್ ಶೈಲಿಯವು.

1322ರ ಫೆಬ್ರುವರಿಯಲ್ಲಿ ಕ್ರಾಸಿಂಗಿನ ಮೇಲಿದ್ದ ಗೋಪುರ ಕುಸಿದು, ಕ್ವಾಯರಿನ ಒಂದು ಭಾಗವೂ ನೆಲಸಮವಾಯಿತು. ಕಟ್ಟಡಗಳ ಹೊಣೆ ಹೊತ್ತಿದ್ದ ಸನ್ಯಾಸಿ ಅಲನ್ ಆಫ್ ವಾಲ್ಸಿಂಗ್‌ಹ್ಯಾಮ್ ಹಳೆಯ ಗೋಪುರವನ್ನೇ ಮತ್ತೆ ಕಟ್ಟಿಸಲಿಲ್ಲ. ನಾಲ್ಕು ಕಂಬಗಳಿದ್ದ ಎಡೆಯನ್ನು ವಿಸ್ತರಿಸಿ, ಎಂಟು ಕಂಬಗಳ ಅಷ್ಟಕೋನವನ್ನು ರೂಪಿಸಲಾಯಿತು. ಅದರ ಅಗಲ ಸುಮಾರು 70 ಅಡಿ. ಅಷ್ಟು ಅಗಲಕ್ಕೆ ಕಲ್ಲಿನ ಚಾವಣಿಯ ಬದಲು ಮರವನ್ನು ಆರಿಸಿಕೊಂಡರು. ಅರಸನ ಬಡಗಿ ವಿಲಿಯಂ ಹರ್ಲಿಯ ನೇತೃತ್ವದಲ್ಲಿ ಎಂಟು ಭಾರಿ ಓಕ್ ಕಂಬಗಳು ಮೇಲೇರಿದವು. ಮರೆಯಲ್ಲಿರುವ ಓರೆ ತೊಲೆಗಳು ಅವುಗಳ ಭಾರವನ್ನು ಕಲ್ಲುಕಂಬಗಳಿಗೆ ದಾಟಿಸುತ್ತವೆ. ಕೆಳಗೆ ನಿಂತವರಿಗೆ ಆಧಾರವಿಲ್ಲದೆ ತೇಲಿದಂತೆ ತೋರುತ್ತದೆ. ಸುತ್ತಲ ಕಿಟಕಿಗಳಿಂದ ಬೆಳಕು ಸುರಿಸುವ ಈ ಶಿಖರದ ಹೆಸರು 'ಲ್ಯಾಂಟರ್ನ್'. ನಮ್ಮ ಮನೆಗಳ ಲಾಂದ್ರವೂ ಇದೇ ಪದದ ಬಳಗ.

1539ರಲ್ಲಿ ಎಂಟನೆಯ ಹೆನ್ರಿಯ ಆಳ್ವಿಕೆಯಲ್ಲಿ ಮಠ ವಿಸರ್ಜನೆಗೊಂಡಿತು. ಎಥೆಲ್‌ಡ್ರೆಡಾಳ ಸಮಾಧಿಪೀಠ ನಾಶವಾಯಿತು. 1349ರಲ್ಲಿ ಪೂರ್ಣಗೊಂಡಿದ್ದ ಮೇರಿಮಾತೆಯ ಮಂದಿರದ ಮೂರ್ತಿಗಳೂ ಭಗ್ನವಾದವು. ರುಂಡವಿಲ್ಲದ ಆ ಶಿಲ್ಪಗಳನ್ನು ಇಂದಿಗೂ ಕಾಣಬಹುದು. ಸನ್ಯಾಸಿಗಳು ಹೋದರು, ಅವರ ಲ್ಯಾಟಿನ್ ಪ್ರಾರ್ಥನೆಯೂ ನಿಂತಿತು. ಆದರೆ ಅವರು ಹಾಡುತ್ತಿದ್ದ ಎಡೆ ಈಗಲೂ ಕ್ವಾಯರ್. ಜನ ಕೂಡುವ ಎಡೆ ಈಗಲೂ ನೇವ್. ಅರಸರೂ ಆಚಾರಗಳೂ ಬದಲಾದರೂ, ಬಳಸುವ ಜನರಿದ್ದ ಕಾರಣ ಆ ಹೆಸರುಗಳು ಉಳಿದುಕೊಂಡವು.