ಫುಟ್ಬಾಲ್ ಆಟಗಾರನ ಓಟ: ಅಂದು ಮತ್ತು ಇಂದು

ಕರ್ನಾಟಕದ ಕ್ರೀಡಾ ಇತಿಹಾಸದಲ್ಲಿ ‘ಬೆಂಗಳೂರು ಮುಸ್ಲಿಮ್ಸ್’ ಫುಟ್ಬಾಲ್ ತಂಡದ ಹೆಸರು ಚಿರಸ್ಮರಣೀಯ. ಬ್ರಿಟಿಷ್ ಸೇನಾ ತಂಡಗಳ ಪ್ರಾಬಲ್ಯವಿದ್ದ ಮುಂಬಯಿಯ ರೋವರ್ಸ್ ಕಪ್ಪನ್ನು 1937ರಲ್ಲಿ ಗೆದ್ದು, ಆ ಸಾಧನೆ ಮಾಡಿದ ಮೊದಲ ಭಾರತೀಯ ನಾಗರಿಕ ತಂಡವೆನಿಸಿತು. ಮರುವರ್ಷವೂ ಕಪ್ ಅದರದೇ ಆಯಿತು. ಬೆಂಗಳೂರಿನವರೇ ಆದ ಅಹ್ಮದ್ ಖಾನ್ 1948 ಮತ್ತು 1952ರ ಒಲಿಂಪಿಕ್ಸ್‌ಗಳಲ್ಲಿ ಭಾರತದ ಪರವಾಗಿ ಆಡಿದರು. ಈ ಹಿರಿಯರು ಇಂದಿನ ಆಟಗಾರರಷ್ಟು ಓಡುತ್ತಿದ್ದರೇ?

ಅಂದಿನ ಆಟದ ರೀತಿಯೇ ಬೇರೆ. ಐವರು ಮುನ್ಪಡೆಯವರು ತಮ್ಮ ತಮ್ಮ ಸ್ಥಾನ ಬಿಟ್ಟು ಹೆಚ್ಚು ಕದಲುತ್ತಿರಲಿಲ್ಲ. ನಮ್ಮ ದೇಶದ ಪಂದ್ಯಗಳು 70 ನಿಮಿಷದವು. ಚೆಂಡಿನ ಮೇಲಿನ ಹಿಡಿತವೇ ಆಟಗಾರನ ಆಸ್ತಿ. 1952ರಲ್ಲಿ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯದ ಎದುರು ಭಾರತ 1–10ರಿಂದ ಸೋತಿತು. ನಮ್ಮ ಏಕೈಕ ಗೋಲು ಅಹ್ಮದ್ ಖಾನರದು. ಬರಿಗಾಲಿನ ಆಟದ ಕಾಲ ಮುಗಿಯಿತೆಂಬುದು ಆಗ ಸ್ಪಷ್ಟವಾಯಿತು.

1974ರ ವಿಶ್ವಕಪ್‌ನಲ್ಲಿ ಹಾಲೆಂಡ್ ತಂಡ ಎಲ್ಲರೂ ದಾಳಿ ಮಾಡುವ, ಎಲ್ಲರೂ ರಕ್ಷಿಸುವ ಪದ್ಧತಿಯಿಂದ ಜಗತ್ತನ್ನು ಬೆರಗುಗೊಳಿಸಿತು. 1976ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಒಂದು ಅಧ್ಯಯನ, ವೃತ್ತಿಪರ ಆಟಗಾರನೊಬ್ಬ ಪಂದ್ಯವೊಂದರಲ್ಲಿ ಸರಾಸರಿ 8.7 ಕಿಲೋಮೀಟರ್ ಕ್ರಮಿಸುತ್ತಾನೆಂದು ತಿಳಿಸಿತು. 1992ರಲ್ಲಿ, ಸಹ ಆಟಗಾರ ಕಾಲಿನಿಂದ ಉದ್ದೇಶಪೂರ್ವಕವಾಗಿ ಹಿಂದಕ್ಕೆ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಲ್ಲಿ ಹಿಡಿಯಬಾರದೆಂಬ ನಿಯಮ ಬಂದು ಆಟದ ವೇಗ ಹೆಚ್ಚಿತು.

ಆದರೆ ಮುಖ್ಯ ಬದಲಾವಣೆ ಒಟ್ಟು ದೂರದಲ್ಲಲ್ಲ. ಇಂಗ್ಲಿಷ್ ಪ್ರೀಮಿಯರ್ ಲೀಗ್‌ನಲ್ಲಿ 2006-07ರಿಂದ 2012-13ರ ಅವಧಿಯಲ್ಲಿ ಆಟಗಾರರು ಕ್ರಮಿಸಿದ ಒಟ್ಟು ದೂರ ಶೇಕಡ 2ರಷ್ಟು ಮಾತ್ರ ಏರಿ ಸುಮಾರು 10.9 ಕಿಲೋಮೀಟರ್ ಆಯಿತು. ತೀವ್ರ ವೇಗದ ಓಟದ ದೂರ ಮಾತ್ರ ಶೇಕಡ 30ರಷ್ಟು ಹೆಚ್ಚಿತು. ಪಂದ್ಯವೊಂದರಲ್ಲಿ ಮಿಂಚಿನ ಓಟಗಳು 31ರಿಂದ 57ಕ್ಕೇರಿದವು. ಅಂದರೆ ಹೆಚ್ಚಿದ್ದು ದೂರಕ್ಕಿಂತ ರಭಸ. ಇಂಥ ಓಟ ಸ್ನಾಯುಗಳಿಗೆ ಹೆಚ್ಚು ಶ್ರಮ ನೀಡುತ್ತದೆ. 2020ರಲ್ಲಿ ಕೊರೊನಾ ಕಾಲದ ಒತ್ತಡದ ನಡುವೆ ಐವರು ಬದಲಿ ಆಟಗಾರರಿಗೆ ಅವಕಾಶ ದೊರೆತು, 2022ರಲ್ಲಿ ಅದೇ ಕಾಯಂ ನಿಯಮವಾಯಿತು.

ಈ ಇತಿಹಾಸದಿಂದ ನಮ್ಮ ವಿದ್ಯಾರ್ಥಿಗಳು ಕಲಿಯುವುದಿದೆ. ಕಿತ್ತೂರು ಸೀಮೆಯ ದೇಗಾಂವದ ಹುಡುಗನಾಗಲಿ, ಬೆಂಗಳೂರಿನ ಹುಡುಗನಾಗಲಿ, ಮೈದಾನದ ಸುತ್ತ ನಿಧಾನವಾಗಿ ಹತ್ತಾರು ಸುತ್ತು ಹಾಕಿದ ಮಾತ್ರಕ್ಕೆ ಇಂದಿನ ಆಟಕ್ಕೆ ಸಿದ್ಧನಾಗಲಾರ. ಚಿಕ್ಕ ರಭಸದ ಓಟ, ನಡುವೆ ಬಿಡುವು, ಮತ್ತೆ ಓಟ. ಜೊತೆಗೆ ಒಳ್ಳೆಯ ಆಹಾರ, ಸಾಕಷ್ಟು ನಿದ್ರೆ ಬೇಕು. ಅಹ್ಮದ್ ಖಾನರ ಕಾಲದ ಚೆಂಡಿನ ಹಿಡಿತವನ್ನೂ ಮರೆಯಬಾರದು. ಎಷ್ಟೇ ವೇಗವಾಗಿ ಓಡಿದರೂ ಚೆಂಡು ಕಾಲಲ್ಲಿ ನಿಲ್ಲದಿದ್ದರೆ ಫಲವಿಲ್ಲ.