ಮಾಸಾಶನ ಬಂದ ದಾರಿ
ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಇನ್ನೂ ಕೋಲಾರ ಜಿಲ್ಲೆಯಲ್ಲಿದ್ದಾಗಲೇ, 1960ರ ದಶಕದಲ್ಲಿ, ಮೈಸೂರು ರಾಜ್ಯ ನಿರ್ಗತಿಕ ವೃದ್ಧರಿಗೆ ಮಾಸಾಶನ ಆರಂಭಿಸಿತು. ಅಂಗವಿಕಲರಿಗೆ, ವಿಧವೆಯರಿಗೆ ಅದು ದೊರೆತದ್ದು ತಡವಾಗಿ. ಅಂಚೆಯವರು ಮನಿಯಾರ್ಡರ್ ಹಣವನ್ನು ಮನೆಬಾಗಿಲಿಗೇ ತರುತ್ತಿದ್ದರು. ನಡೆಯಲಾರದವರಿಗೆ ಇದಕ್ಕಿಂತ ಹಿತವಾದ ವ್ಯವಸ್ಥೆ ಇರಲಾರದು. 1995ರ ಆಗಸ್ಟ್ 15ರಂದು ಕೇಂದ್ರವೂ ಕೈಜೋಡಿಸಿತು: ವೃದ್ಧರಿಗೆ ತಿಂಗಳಿಗೆ 75 ರೂಪಾಯಿ.

2007ರಲ್ಲಿ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾಯಿತು. ಅದೇ ವರ್ಷ ಬಂದ ಸಂಧ್ಯಾ ಸುರಕ್ಷಾ ಯೋಜನೆ 65 ದಾಟಿದ ಸಣ್ಣ ರೈತರು, ಕೃಷಿ ಕೂಲಿಗಳು, ನೇಕಾರರು, ಅಸಂಘಟಿತ ಕಾರ್ಮಿಕರನ್ನು ಒಳಗೊಂಡಿತು. ಬಿಸಿನೀರಿನಲ್ಲಿ ಗೂಡು ಬೇಯಿಸಿ ನೂಲು ತೆಗೆಯುತ್ತಲೇ ಕೈ ಸವೆಸಿದ ಶಿಡ್ಲಘಟ್ಟದ ರೇಷ್ಮೆ ಕೆಲಸಗಾರರಿಗೆ ಇದು ಬಹಳ ಹಿಂದೆಯೇ ಸಲ್ಲಬೇಕಿದ್ದ ಹಕ್ಕು. 2009ರಲ್ಲಿ ಕೇಂದ್ರ ತೀವ್ರ ಅಂಗವೈಕಲ್ಯಕ್ಕೂ ಪಿಂಚಣಿ ತಂದಿತು. ಈಗ ಅರ್ಜಿ ನಾಡಕಚೇರಿಯಲ್ಲಿ, ಹಣ ಬ್ಯಾಂಕ್ ಇಲ್ಲವೇ ಅಂಚೆ ಖಾತೆಯಲ್ಲಿ.